ಅಜೈಲ್ ತಂಡದಲ್ಲಿ ತಿಳಿವಳಿಕೆ ಕಳೆದುಹೋಗದಂತೆ ನೋಡಿಕೊಳ್ಳುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಕೋಡ್‌ನಲ್ಲಿ ಹೀಗೊಂದು ಸಾಲು ಇದೆ ಅಂದುಕೊಳ್ಳಿ. ಪಾವತಿ ವಿಫಲವಾದರೆ 40 ಸೆಕೆಂಡ್ ಕಾಯಬೇಕು, ಆಮೇಲೆ ಮತ್ತೆ ಪ್ರಯತ್ನಿಸಬೇಕು, ಹೆಚ್ಚೆಂದರೆ 3 ಸಲ. ಹೊಸದಾಗಿ ಬಂದ ಡೆವಲಪರ್ ಇದನ್ನು ನೋಡುತ್ತಾರೆ. 40 ಸೆಕೆಂಡ್ ಯಾಕೆ? ಗ್ರಾಹಕರು ಅಷ್ಟು ಹೊತ್ತು ಸುಮ್ನೆ ಕಾಯಬೇಕಲ್ವಾ? 5 ಮಾಡಿದರೆ ಏನಾಗುತ್ತದೆ? ಕೋಡ್ ಉತ್ತರ ಕೊಡುವುದಿಲ್ಲ. ಟಿಕೆಟ್‌ನಲ್ಲಿ, ಅಂದರೆ ಆ ಕೆಲಸವನ್ನು ವಹಿಸಿದ ನಮೂದಿನಲ್ಲಿ, "ರಿಟ್ರೈ ಸೇರಿಸಿ" ಎಂದಷ್ಟೇ ಇದೆ. ಬರೆದವರು ಬೇರೆ ಕಂಪನಿ ಸೇರಿಯಾಗಿದೆ. ಹೊಸಬರು 5 ಮಾಡುತ್ತಾರೆ, ಟೆಸ್ಟ್‌ಗಳೆಲ್ಲ ಪಾಸ್ ಆಗುತ್ತವೆ, ಪ್ರೊಡಕ್ಷನ್‌ಗೆ, ಅಂದರೆ ಗ್ರಾಹಕರು ಬಳಸುವ ಸಿಸ್ಟಮ್‌ಗೆ, ಹೋದ ಮೇಲೆ ಕೆಲವು ಗ್ರಾಹಕರ ಖಾತೆಯಿಂದ ಎರಡು ಸಲ ಹಣ ಕಡಿತವಾಗುತ್ತದೆ.

ಇಲ್ಲಿ ಯಾರೂ ಅಸಡ್ಡೆ ಮಾಡಿಲ್ಲ. ಟೈಮ್‌ಔಟ್ ಆದ ವ್ಯವಹಾರ ಕೊನೆಗೆ ಆಯಿತೋ ಇಲ್ಲವೋ ಎಂದು ಹೇಳಲು ಆ ಪಾವತಿ ಗೇಟ್‌ವೇಗೆ (ಹಣದ ವ್ಯವಹಾರ ನಡೆಸಿಕೊಡುವ ಹೊರಗಿನ ಸೇವೆಗೆ) 30 ಸೆಕೆಂಡ್ ತನಕ ಬೇಕು. ಅದಕ್ಕೂ ಮೊದಲೇ ಮತ್ತೆ ಪ್ರಯತ್ನಿಸಿದರೆ ಎರಡೂ ಪಾವತಿ ಆಗಿಬಿಡಬಹುದು. ಈ ಸಂಗತಿ ಒಬ್ಬರ ತಲೆಯಲ್ಲಿತ್ತು, ಅವರ ಜೊತೆಗೇ ಹೋಯಿತು.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇದು: ತಿಳಿವಳಿಕೆಯನ್ನು ಅದು ಹುಟ್ಟಿದ ಹೊತ್ತಿನಲ್ಲಿ, ಹುಟ್ಟಿದ ಜಾಗದಲ್ಲೇ ಹಿಡಿದಿಡಬೇಕು. "ಬಿಡುಗಡೆ ಆದ ಮೇಲೆ ಒಂದು ವಾರ ಕೂತು ಡಾಕ್ಯುಮೆಂಟ್ ಮಾಡೋಣ" ಎಂಬ ಯೋಜನೆ ಕೈಗೂಡುವುದಿಲ್ಲ, ಯಾಕೆಂದರೆ ಆ ವಾರ ಬರುವುದೇ ಇಲ್ಲ. ಬಂದರೂ ಅಷ್ಟರಲ್ಲಿ ಕಾರಣಗಳು ಮರೆತುಹೋಗಿರುತ್ತವೆ.

ಸಾಫ್ಟ್‌ವೇರನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಕಟ್ಟುತ್ತಾ, ತಿದ್ದಿಕೊಳ್ಳುತ್ತಾ ಹೋಗುವ ಪದ್ಧತಿಯೇ ಅಜೈಲ್. "ಅಜೈಲ್ ಅಂದರೆ ಡಾಕ್ಯುಮೆಂಟ್ ಬೇಡ" ಎನ್ನುವವರು ಸಿಗುತ್ತಾರೆ. ಅದು ನಿಜವಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ 17 ಜನ ಬರೆದ ಅಜೈಲ್ ಮ್ಯಾನಿಫೆಸ್ಟೊ, ವಿಸ್ತಾರವಾದ ದಾಖಲೆಗಿಂತ ಕೆಲಸ ಮಾಡುವ ಸಾಫ್ಟ್‌ವೇರ್‌ಗೆ ಹೆಚ್ಚು ಬೆಲೆ ಕೊಡುತ್ತದೆ, ಹೌದು. ಆದರೆ ದಾಖಲೆಗೂ ಬೆಲೆ ಇದೆ ಎಂದು ಅದರಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ. ಆ 17 ಜನರಲ್ಲಿ ಒಬ್ಬರಾದ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ಕಟ್ಟಿದವರು. ಪ್ರೋಗ್ರಾಮರ್‌ಗಳು ತಮಗೆ ಗೊತ್ತಿರುವುದನ್ನು ಹಂಚಿಕೊಳ್ಳಲಿ ಎಂದೇ ಅವರು ಅದನ್ನು ಮಾಡಿದ್ದು.

ಶುರು ಮಾಡುವ ಮೊದಲು ಒಂದು ಮಾತು

ತಂಡದ ತಿಳಿವಳಿಕೆಯಲ್ಲಿ ಎರಡು ಬಗೆ. ಒಂದನ್ನು ಬರೆದಿಡಬಹುದು: ಸರ್ವರ್ ವಿಳಾಸ, ತೀರ್ಮಾನದ ಕಾರಣ, ಡಿಪ್ಲಾಯ್ ಮಾಡುವ (ಹೊಸ ಕೋಡನ್ನು ಸರ್ವರ್‌ಗೆ ಹಾಕುವ) ಕ್ರಮ. ಇನ್ನೊಂದು ಕೈಯಲ್ಲಿ, ಕಣ್ಣಲ್ಲಿ ಇರುತ್ತದೆ: ಈ ಗ್ರಾಫ್ ಹೀಗೆ ಏರಿದರೆ ಡೇಟಾಬೇಸ್ ಮೇಲೆ ಸಂಶಯ ಪಡಬೇಕು, ಈ ಮಾಡ್ಯೂಲ್ ಮುಟ್ಟುವಾಗ ಎರಡು ಸಲ ಯೋಚಿಸಬೇಕು ಎಂಬಂಥದ್ದು. ನಮಗೆ ಗೊತ್ತಿರುವುದು ನಾವು ಹೇಳಬಲ್ಲದ್ದಕ್ಕಿಂತ ಹೆಚ್ಚು ಎಂದು ತತ್ವಜ್ಞಾನಿ ಮೈಕೆಲ್ ಪೊಲಾನಿ 1960ರ ದಶಕದಲ್ಲೇ ಹೇಳಿದ್ದರು.

ಡೆನ್ಮಾರ್ಕ್‌ನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರ ಒಂದು ಪ್ರಬಂಧದಲ್ಲಿ ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ಬದಲಾಯಿಸುವ ಪ್ರೋಗ್ರಾಂ) ಒಂದರ ಕಥೆ ಹೇಳುತ್ತಾರೆ. ಒಂದು ತಂಡ ಅದನ್ನು ಬರೆಯಿತು, ಇನ್ನೊಂದು ತಂಡ ಅದನ್ನು ವಿಸ್ತರಿಸಲು ಹೊರಟಿತು. ಎರಡನೇ ತಂಡದ ಕೈಯಲ್ಲಿ ಪೂರ್ತಿ ಕೋಡ್ ಇತ್ತು, ದಾಖಲೆಯೂ ಇತ್ತು. ಆದರೂ ಅವರು ಸೂಚಿಸಿದ ಹಲವು ಬದಲಾವಣೆಗಳು ಮೂಲ ವಿನ್ಯಾಸದ ಬಲವನ್ನೇ ಹಾಳು ಮಾಡುವಂತಿದ್ದವು, ಅದನ್ನು ಮೊದಲ ತಂಡದವರು ನೋಡಿದ ತಕ್ಷಣ ಗುರುತಿಸಿದರು. ಅಂದರೆ ಬರೆಯುವುದೊಂದೇ ಸಾಲದು. ಕೆಳಗಿನ ಹೆಜ್ಜೆಗಳಲ್ಲಿ ಅರ್ಧ ಬರೆಯುವುದರ ಬಗ್ಗೆ, ಇನ್ನರ್ಧ ಜನರಿಂದ ಜನರಿಗೆ ದಾಟಿಸುವುದರ ಬಗ್ಗೆ ಇರುವುದು ಇದಕ್ಕೇ.

ಹೆಜ್ಜೆ 1: ಏನು ಯಾರ ತಲೆಯಲ್ಲಿದೆ ಎಂದು ಪಟ್ಟಿ ಮಾಡಿ

ಹೊಸ ಟೂಲ್ ಕೊಳ್ಳುವ ಮೊದಲು ಇದನ್ನು ಮಾಡಿ. ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಎಡಗಡೆ ನಿಮ್ಮ ಸಿಸ್ಟಮ್‌ನ ಭಾಗಗಳು: ಲಾಗಿನ್, ಪಾವತಿ, ವರದಿಗಳು, ಡಿಪ್ಲಾಯ್ ಪೈಪ್‌ಲೈನ್, ರಾತ್ರಿ ಓಡುವ ಜಾಬ್‌ಗಳು, ಹೊರಗಿನ ಎಪಿಐಗಳು (ಬೇರೆ ಸಿಸ್ಟಮ್‌ಗಳ ಜೊತೆ ಮಾತಾಡುವ ಸಂಪರ್ಕಗಳು). ಮೇಲ್ಗಡೆ ತಂಡದವರ ಹೆಸರುಗಳು. ಪ್ರತಿಯೊಬ್ಬರೂ ತಮ್ಮ ಕಾಲಂ ತಾವೇ ತುಂಬಲಿ: 0 ಅಂದರೆ ಗೊತ್ತಿಲ್ಲ, 1 ಅಂದರೆ ಸಹಾಯವಿದ್ದರೆ ಮಾಡಬಲ್ಲೆ, 2 ಅಂದರೆ ಒಬ್ಬನೇ ಅಥವಾ ಒಬ್ಬಳೇ ನಿಭಾಯಿಸಬಲ್ಲೆ.

ಈಗ ಅಡ್ಡಸಾಲುಗಳನ್ನು ನೋಡಿ. ಯಾವ ಸಾಲಿನಲ್ಲಿ ಒಂದೇ ಒಂದು 2 ಇದೆಯೋ ಅದು ಅಪಾಯದ ಜಾಗ. ಇದನ್ನು ಬಸ್ ಫ್ಯಾಕ್ಟರ್ ಎನ್ನುತ್ತಾರೆ: ಎಷ್ಟು ಜನ ಇದ್ದಕ್ಕಿದ್ದಂತೆ ಇಲ್ಲವಾದರೆ ಕೆಲಸ ನಿಂತುಹೋಗುತ್ತದೆ ಎಂಬ ಲೆಕ್ಕ. ಅದು 1 ಇರುವ ಸಾಲುಗಳನ್ನು ಕೆಂಪು ಮಾಡಿ. ಯಾವ ಸಾಲಿನಲ್ಲಿ 2 ಒಂದೂ ಇಲ್ಲವೋ ಅದು ಇನ್ನೂ ಕೆಟ್ಟದ್ದು, ಮತ್ತು ಹಳೆಯ ಸಿಸ್ಟಮ್‌ಗಳಲ್ಲಿ ಅಂಥ ಸಾಲು ಸಿಕ್ಕೇ ಸಿಗುತ್ತದೆ.

ಜನ ಹೇಳಿದ್ದನ್ನು ಗಿಟ್ (ಕೋಡ್‌ನ ಪ್ರತಿ ಬದಲಾವಣೆಯನ್ನು ದಾಖಲಿಸುವ ಟೂಲ್) ಇತಿಹಾಸದ ಜೊತೆ ಹೋಲಿಸಿ ನೋಡಿ. ಒಂದು ಫೋಲ್ಡರ್‌ನಲ್ಲಿ ಕಳೆದ ಒಂದು ವರ್ಷದಲ್ಲಿ ಯಾರು ಎಷ್ಟು ಕಮಿಟ್ (ದಾಖಲಾದ ಬದಲಾವಣೆ) ಮಾಡಿದ್ದಾರೆ ಎಂದು ಗಿಟ್‌ನ ಶಾರ್ಟ್‌ಲಾಗ್ ಕಮಾಂಡ್ ತೋರಿಸುತ್ತದೆ. ಇದನ್ನು ಯಾರ ಕೆಲಸ ಅಳೆಯಲೂ ಬಳಸಬೇಡಿ. ಒಮ್ಮೆ ಹಾಗೆ ಬಳಸಿದರೆ ಮುಂದಿನ ಸಲ ಯಾರೂ ಆ ಸ್ಪ್ರೆಡ್‌ಶೀಟ್‌ನಲ್ಲಿ ನಿಜ ಬರೆಯುವುದಿಲ್ಲ.

ಜೊತೆಗೆ ಒಂದು ಸ್ಪ್ರಿಂಟ್ (ಕೆಲವು ವಾರಗಳ ಕೆಲಸದ ಸುತ್ತು) ಪೂರ್ತಿ, ಚಾಟ್‌ನಲ್ಲಿ ಕೇಳಿದ ಪ್ರಶ್ನೆಗಳನ್ನು ಒಂದು ಕಡೆ ನಕಲು ಮಾಡಿಡಿ. "ಸ್ಟೇಜಿಂಗ್ ಪಾಸ್‌ವರ್ಡ್ ಎಲ್ಲಿದೆ?", "ಈ ಫ್ಲ್ಯಾಗ್ ಇನ್ನೂ ಬೇಕಾ?", "ಇದನ್ನು ಯಾರು ನೋಡಿಕೊಳ್ಳುತ್ತಾರೆ?" ಎರಡು ಮೂರು ಸಲ ಬಂದ ಪ್ರಶ್ನೆಗಳೇ ನೀವು ಮೊದಲು ಬರೆಯಬೇಕಾದ ಪುಟಗಳು. ಉಳಿದದ್ದನ್ನು ಊಹಿಸಿಕೊಂಡು ಬರೆಯಬೇಡಿ, ಓದುವವರಿಲ್ಲದ ಪುಟ ಬರೆದು ಪ್ರಯೋಜನವಿಲ್ಲ.

ಹೆಜ್ಜೆ 2: ಯಾವುದು ಎಲ್ಲಿರಬೇಕು ಎಂದು ಒಮ್ಮೆ ತೀರ್ಮಾನಿಸಿ

ಬಹಳ ತಂಡಗಳಲ್ಲಿ ಮಾಹಿತಿಗೆ ಬರ ಇರುವುದಿಲ್ಲ. ಒಂದೇ ವಿಷಯ ವಿಕಿಯಲ್ಲಿ ಒಂದು ಥರ, ಟಿಕೆಟ್‌ನಲ್ಲಿ ಇನ್ನೊಂದು ಥರ, ಯಾರದೋ ಸ್ಲೈಡ್‌ನಲ್ಲಿ ಮತ್ತೊಂದು ಥರ ಇರುತ್ತದೆ. ಯಾವುದು ನಿಜ ಎಂದು ತಿಳಿಯದೆ ಕೊನೆಗೆ ಪಕ್ಕದವರನ್ನೇ ಕೇಳುತ್ತೇವೆ. ಅದಕ್ಕೆ ನಿಯಮ ಸರಳವಾಗಿರಲಿ.

ಕೋಡ್ ಬದಲಾದಾಗ ಬದಲಾಗಬೇಕಾದದ್ದೆಲ್ಲ ಕೋಡ್ ಇರುವ ರೆಪೊದಲ್ಲೇ ಇರಲಿ. ರೀಡ್‌ಮಿ, ಸೆಟಪ್ ಕ್ರಮ, ವಿನ್ಯಾಸದ ತೀರ್ಮಾನಗಳು, ರನ್‌ಬುಕ್‌ಗಳು (ತೊಂದರೆ ಬಂದಾಗ ಮಾಡಬೇಕಾದ ಹೆಜ್ಜೆಗಳ ಪುಟಗಳು) ಎಲ್ಲ ಮಾರ್ಕ್‌ಡೌನ್ (ಸರಳ ಪಠ್ಯದ) ಕಡತಗಳಾಗಿ, ಕೋಡ್ ಜೊತೆಗೇ ರಿವ್ಯೂ ಆಗಲಿ. ಕೋಡ್‌ಗೆ ನೇರ ಸಂಬಂಧವಿಲ್ಲದ್ದು, ಅಂದರೆ ಉತ್ಪನ್ನದ ಹಿನ್ನೆಲೆ, ಗ್ರಾಹಕರ ಬಗ್ಗೆ ತಿಳಿದದ್ದು, ತಂಡದ ಒಪ್ಪಂದಗಳು, ಯಾರನ್ನು ಯಾವುದಕ್ಕೆ ಕೇಳಬೇಕು ಎಂಬ ಪಟ್ಟಿ, ಇವು ವಿಕಿಯಲ್ಲಿ. ಪಾಸ್‌ವರ್ಡ್ ಮತ್ತು ಕೀಗಳು ಎರಡರಲ್ಲೂ ಬೇಡ, ಅವುಗಳಿಗೆ ಪ್ರತ್ಯೇಕ ಸೀಕ್ರೆಟ್ ಮ್ಯಾನೇಜರ್ ಇರಲಿ. ಟಿಕೆಟ್ ಅಂದರೆ ಮಾಡಬೇಕಾದ ಕೆಲಸ ಮಾತ್ರ. ಕೆಲಸ ಮುಗಿದು ಟಿಕೆಟ್ ಮುಚ್ಚಿದ ಮೇಲೆ ಅದರೊಳಗೆ ಯಾರೂ ಇಣುಕುವುದಿಲ್ಲ, ಆದ್ದರಿಂದ ಉಳಿಯಬೇಕಾದ ಮಾತು ಅಲ್ಲಿ ಮಾತ್ರ ಇದ್ದರೆ ಅದು ಕಳೆದುಹೋದಂತೆಯೇ.

ಚಾಟ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಚಾಟ್ ಮಾತಾಡುವ ಜಾಗ, ಕಾಪಾಡುವ ಜಾಗವಲ್ಲ. ಹಳೆಯ ಸಂದೇಶ ಹುಡುಕಿದರೆ ಅರ್ಧ ಚರ್ಚೆ ಸಿಗುತ್ತದೆ, ತೀರ್ಮಾನ ಸಿಗುವುದಿಲ್ಲ. ಕೆಲವು ಸೇವೆಗಳ ಉಚಿತ ಪ್ಲಾನ್‌ನಲ್ಲಂತೂ ಹಳೆಯ ಸಂದೇಶಗಳು ಕಾಣುವುದೇ ಇಲ್ಲ. ಒಂದು ಅಭ್ಯಾಸ ಬೆಳೆಸಿಕೊಳ್ಳಿ: ಚಾಟ್‌ನಲ್ಲಿ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ, ಕೇಳಿದವರೇ ಆ ಉತ್ತರವನ್ನು ಸರಿಯಾದ ಜಾಗದಲ್ಲಿ ಬರೆದು ಲಿಂಕ್ ಹಾಕಬೇಕು. ಉತ್ತರ ಕೊಟ್ಟವರ ಮೇಲೆ ಈ ಹೊರೆ ಹಾಕಬೇಡಿ. ಅವರು ಆಗಲೇ ಒಮ್ಮೆ ಸಹಾಯ ಮಾಡಿದ್ದಾರೆ, ಅಲ್ಲದೆ ಏನು ಗೊತ್ತಿರಲಿಲ್ಲ ಎಂಬುದು ಕೇಳಿದವರಿಗೇ ಚೆನ್ನಾಗಿ ಗೊತ್ತು. ಖಾಸಗಿ ಸಂದೇಶದಲ್ಲಿ ಕೇಳುವುದನ್ನು ಬಿಟ್ಟು ತಂಡದ ಚಾನೆಲ್‌ನಲ್ಲಿ ಕೇಳುವುದಕ್ಕೂ ಪ್ರೋತ್ಸಾಹ ಕೊಡಿ, ಒಬ್ಬರಿಗೆ ಹೇಳಿದ್ದು ಹತ್ತು ಜನರಿಗೆ ತಿಳಿಯುತ್ತದೆ.

ಹೆಜ್ಜೆ 3: ತೀರ್ಮಾನದ ಕಾರಣವನ್ನು ಬರೆದಿಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹೆಜ್ಜೆ ಮಾಡಲು ಸಮಯವಿದೆ ಎಂದರೆ ಇದನ್ನೇ ಮಾಡಿ. ಏನು ಮಾಡಿದ್ದೇವೆ ಎಂಬುದನ್ನು ಕೋಡ್ ಓದಿ ತಿಳಿಯಬಹುದು, ಹೇಗೆ ಎಂಬುದನ್ನೂ ತಿಳಿಯಬಹುದು. ಯಾಕೆ ಎಂಬುದು ಮಾತ್ರ ಬರೆಯದಿದ್ದರೆ ಎಲ್ಲೂ ಉಳಿಯುವುದಿಲ್ಲ. ಬೇರೆ ಯಾವ ದಾರಿಗಳನ್ನು ನೋಡಿ ಕೈಬಿಟ್ಟೆವು ಎಂಬುದಂತೂ ಕೋಡ್‌ನಲ್ಲಿ ಇರಲು ಸಾಧ್ಯವೇ ಇಲ್ಲ.

ಇದಕ್ಕೆ ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್, ಚಿಕ್ಕದಾಗಿ ಎಡಿಆರ್, ಎಂಬ ಪದ್ಧತಿ ಇದೆ. 2011ರಲ್ಲಿ ಮೈಕೆಲ್ ನೈಗಾರ್ಡ್ ಇದರ ಒಂದು ಸರಳ ರೂಪವನ್ನು ವಿವರಿಸಿದರು, ಆಮೇಲೆ ಅದು ಎಲ್ಲ ಕಡೆ ಹಬ್ಬಿತು. ಒಂದು ತೀರ್ಮಾನಕ್ಕೆ ಒಂದು ಕಡತ. ಉದ್ದ ಒಂದು ಪುಟ, ಹೆಚ್ಚೆಂದರೆ ಎರಡು. ಐದು ಭಾಗಗಳು: ಶೀರ್ಷಿಕೆ, ಸ್ಥಿತಿ, ಹಿನ್ನೆಲೆ, ತೀರ್ಮಾನ, ಪರಿಣಾಮಗಳು. ಶುರುವಿನಲ್ಲಿ ಹೇಳಿದ ಆ ಪಾವತಿ ಸಾಲಿಗೆ ಎಡಿಆರ್ ಬರೆದಿದ್ದರೆ ಹೀಗಿರುತ್ತಿತ್ತು:

ಶೀರ್ಷಿಕೆ: 12. ವಿಫಲವಾದ ಪಾವತಿಯನ್ನು 40 ಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನಿಸುವುದು

ಸ್ಥಿತಿ: ಒಪ್ಪಿಗೆಯಾಗಿದೆ

ಹಿನ್ನೆಲೆ: ಗೇಟ್‌ವೇ ಟೈಮ್‌ಔಟ್ ಕೊಟ್ಟ ಮೇಲೂ ಪಾವತಿ ಒಳಗೆ ನಡೆಯುತ್ತಿರಬಹುದು. ಅದು ಇತ್ಯರ್ಥವಾಗಲು 30 ಸೆಕೆಂಡ್ ತನಕ ಬೇಕಾಗಬಹುದು ಎಂದು ಅವರ ತಾಂತ್ರಿಕ ತಂಡ ತಿಳಿಸಿದೆ. ಒಂದೇ ಕೋರಿಕೆ ಎರಡು ಸಲ ಬಂದರೆ ಗುರುತಿಸುವ ಐಡೆಂಪೊಟೆನ್ಸಿ ಕೀ ಸೌಲಭ್ಯ ಅವರ ಈಗಿನ ಎಪಿಐನಲ್ಲಿ ಇಲ್ಲ.

ತೀರ್ಮಾನ: 40 ಸೆಕೆಂಡ್ ಕಾದು ಮತ್ತೆ ಪ್ರಯತ್ನಿಸುತ್ತೇವೆ, ಗರಿಷ್ಠ 3 ಸಲ. ತಕ್ಷಣ ಪ್ರಯತ್ನಿಸುವುದನ್ನು ಪರಿಗಣಿಸಿ ಬಿಟ್ಟೆವು, ಎರಡು ಸಲ ಹಣ ಕಡಿತವಾಗುವ ಅಪಾಯ ಇದೆ. ಮತ್ತೆ ಪ್ರಯತ್ನಿಸದೇ ಇರುವುದನ್ನೂ ಬಿಟ್ಟೆವು, ಒಂದು ಕ್ಷಣದ ನೆಟ್‌ವರ್ಕ್ ತೊಂದರೆಗೂ ಆರ್ಡರ್ ಕಳೆದುಕೊಳ್ಳುತ್ತೇವೆ.

ಪರಿಣಾಮಗಳು: ಗ್ರಾಹಕರು 2 ನಿಮಿಷದ ತನಕ ಕಾಯಬೇಕಾಗಬಹುದು, ಪರದೆಯ ಮೇಲೆ ಅದನ್ನು ತಿಳಿಸಬೇಕು. ಗೇಟ್‌ವೇ ಐಡೆಂಪೊಟೆನ್ಸಿ ಕೀ ಕೊಟ್ಟ ದಿನ ಈ ತೀರ್ಮಾನವನ್ನು ಮತ್ತೆ ನೋಡಬೇಕು.

ಇಷ್ಟೇ. ಬರೆಯಲು ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ಕೊನೆಯ ಸಾಲು ಗಮನಿಸಿ, ಯಾವ ಸಂಗತಿ ಬದಲಾದರೆ ತೀರ್ಮಾನವೂ ಬದಲಾಗಬಹುದು ಎಂದು ಅದು ಹೇಳುತ್ತದೆ. ಮುಂದೆ ಬರುವವರಿಗೆ ಇದಕ್ಕಿಂತ ಉಪಯೋಗದ ವಾಕ್ಯ ಇನ್ನೊಂದಿಲ್ಲ, ಹಳೆಯ ತೀರ್ಮಾನವನ್ನು ಧೈರ್ಯವಾಗಿ ಬದಲಾಯಿಸಲು ಅವರಿಗೆ ಅದು ಅನುಮತಿ ಕೊಡುತ್ತದೆ.

ಕಡತಗಳಿಗೆ ಕ್ರಮವಾಗಿ ಸಂಖ್ಯೆ ಕೊಡಿ. ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸುವ ಮೊದಲು ಇತರರ ಒಪ್ಪಿಗೆ ಕೇಳುವ ಕೋರಿಕೆ) ಮೂಲಕವೇ ಸೇರಿಸಿ, ಆಗ ಚರ್ಚೆ ಅಲ್ಲೇ ಆಗುತ್ತದೆ. ಒಪ್ಪಿಗೆಯಾದ ಎಡಿಆರ್‌ನ ಒಳಗಿನ ಮಾತನ್ನು ಆಮೇಲೆ ತಿದ್ದಬೇಡಿ. ತೀರ್ಮಾನ ಬದಲಾದರೆ ಹೊಸ ಎಡಿಆರ್ ಬರೆಯಿರಿ, ಹಳೆಯದರ ಸ್ಥಿತಿಯಲ್ಲಿ "27ನೆಯದು ಇದರ ಜಾಗಕ್ಕೆ ಬಂದಿದೆ" ಎಂದು ನಮೂದಿಸಿ. ಆ ಹೊತ್ತಿಗೆ ಏನು ಗೊತ್ತಿತ್ತು ಎಂಬುದೂ ಉಳಿಯಬೇಕು.

ಪ್ರತಿ ಸಣ್ಣ ವಿಷಯಕ್ಕೂ ಎಡಿಆರ್ ಬೇಡ. ನನ್ನ ಅಳತೆ ಇದು: ಬದಲಾಯಿಸಲು ಕಷ್ಟವಾಗುವ ತೀರ್ಮಾನವೇ? ತಂಡದಲ್ಲಿ ಭಿನ್ನಾಭಿಪ್ರಾಯ ಇತ್ತೇ? ಹೊರಗಿನವರು ಕೋಡ್ ನೋಡಿ "ಇದೇನು ಹೀಗೆ?" ಎನ್ನುವ ಸಾಧ್ಯತೆ ಇದೆಯೇ? ಮೂರರಲ್ಲಿ ಒಂದಕ್ಕೆ ಹೌದು ಎಂದಾದರೂ ಬರೆಯಿರಿ.

ಹೆಜ್ಜೆ 4: ದಿನದ ಕೆಲಸದೊಳಗೇ ಬರೆಯುವುದನ್ನು ಸೇರಿಸಿ

ಕಮಿಟ್ ಸಂದೇಶದಲ್ಲಿ "ಬಗ್ ಸರಿಪಡಿಸಿದೆ" ಎಂದರೆ ಏನೂ ಹೇಳಿದಂತಾಗಲಿಲ್ಲ. ಮೊದಲ ಸಾಲಿನಲ್ಲಿ ಬದಲಾವಣೆ, ಒಂದು ಖಾಲಿ ಸಾಲು, ಆಮೇಲೆ ಎರಡು ಮೂರು ವಾಕ್ಯದಲ್ಲಿ ಕಾರಣ. ಗಿಟ್ ಬ್ಲೇಮ್ ಮಾಡಿದಾಗ ಯಾವ ಸಾಲು ಯಾವ ಕಮಿಟ್‌ನಲ್ಲಿ ಬಂತು ಎಂದು ತಿಳಿಯುತ್ತದೆ, ಅಲ್ಲಿ ಕಾರಣ ಬರೆದಿದ್ದರೆ ವರ್ಷಗಳ ನಂತರವೂ ಸಿಗುತ್ತದೆ. ವಿಕಿ ಬದಲಾಯಿಸಬಹುದು, ಟಿಕೆಟ್ ಟೂಲ್ ಬದಲಾಯಿಸಬಹುದು, ಗಿಟ್ ಇತಿಹಾಸ ಮಾತ್ರ ಕೋಡ್ ಜೊತೆಗೇ ಬರುತ್ತದೆ.

ಪುಲ್ ರಿಕ್ವೆಸ್ಟ್‌ಗೆ ಒಂದು ಟೆಂಪ್ಲೇಟ್ ಇಡಿ. ನಾಲ್ಕು ಪ್ರಶ್ನೆ ಸಾಕು: ಏನು ಬದಲಾಯಿತು, ಯಾಕೆ, ಹೇಗೆ ಪರೀಕ್ಷಿಸಿದಿರಿ, ಯಾವ ದಾಖಲೆ ತಿದ್ದಿದಿರಿ. ಕೊನೆಯದಕ್ಕೆ "ಬೇಕಾಗಿಲ್ಲ" ಎಂಬ ಉತ್ತರವೂ ಸರಿಯೇ, ಆದರೆ ಯೋಚಿಸಿ ಬರೆದಿರಬೇಕು. ತಂಡದ ಡೆಫಿನಿಷನ್ ಆಫ್ ಡನ್‌ನಲ್ಲೂ (ಕೆಲಸ ಮುಗಿದಿದೆ ಎನ್ನಲು ಏನೇನು ಆಗಿರಬೇಕು ಎಂಬ ಪಟ್ಟಿ) ಒಂದು ಸಾಲು ಸೇರಿಸಿ: ಸಂಬಂಧಪಟ್ಟ ದಾಖಲೆ ತಿದ್ದುವ ತನಕ ಕೆಲಸ ಮುಗಿದಿಲ್ಲ. ಈ ಒಂದು ಸಾಲು ಇಲ್ಲದಿದ್ದರೆ ಉಳಿದ ಶಿಸ್ತೆಲ್ಲ ಸ್ಪ್ರಿಂಟ್‌ನ ಕೊನೆಯ ಎರಡು ದಿನಗಳ ಒತ್ತಡದಲ್ಲಿ ಕೊಚ್ಚಿಹೋಗುತ್ತದೆ.

ಟೆಸ್ಟ್‌ಗಳೂ ದಾಖಲೆಯೇ. "ಟೆಸ್ಟ್ ರಿಟ್ರೈ 2" ಎಂಬ ಹೆಸರಿನ ಬದಲು "30 ಸೆಕೆಂಡ್‌ಗೆ ಮೊದಲು ಮರುಪ್ರಯತ್ನ ಮಾಡಬಾರದು, ಎರಡು ಸಲ ಕಡಿತವಾಗುತ್ತದೆ" ಎಂಬ ಅರ್ಥದ ಹೆಸರಿದ್ದರೆ, ಹೊಸಬರು 5 ಮಾಡಿದ ಕೂಡಲೇ ಟೆಸ್ಟ್ ಬೀಳುತ್ತದೆ, ಬಿದ್ದ ಟೆಸ್ಟೇ ಕಾರಣವನ್ನೂ ಹೇಳುತ್ತದೆ. ಹಳತಾದರೆ ತಾನೇ ಕೂಗಿ ಹೇಳುವ ದಾಖಲೆ ಇದೊಂದೇ.

ಹೆಜ್ಜೆ 5: ಬರೆಯಲಾಗದ್ದನ್ನು ಜೊತೆಯಲ್ಲಿ ಕೂತು ದಾಟಿಸಿ

ಹೆಜ್ಜೆ 1ರ ಕೆಂಪು ಸಾಲುಗಳಿಗೆ ಈಗ ಬನ್ನಿ. ಅವುಗಳಿಗೆ ಮುಖ್ಯ ಮದ್ದು ಪೇರ್ ಪ್ರೋಗ್ರಾಮಿಂಗ್. 1990ರ ದಶಕದಲ್ಲಿ ಕೆಂಟ್ ಬೆಕ್ ಮತ್ತು ಅವರ ಜೊತೆಗಾರರು ರೂಪಿಸಿದ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಅಜೈಲ್ ಪದ್ಧತಿಯಲ್ಲಿ ಇದು ಮುಖ್ಯ ಅಭ್ಯಾಸವಾಗಿತ್ತು. ಒಬ್ಬರು ಕೀಬೋರ್ಡ್ ಹಿಡಿಯುತ್ತಾರೆ, ಇನ್ನೊಬ್ಬರು ದಾರಿ ಹೇಳುತ್ತಾರೆ.

ತಿಳಿವಳಿಕೆ ದಾಟಿಸುವುದೇ ಉದ್ದೇಶ ಎಂದಾಗ ಒಂದು ನಿಯಮ ತಪ್ಪಬಾರದು: ಕಡಿಮೆ ಗೊತ್ತಿರುವವರ ಕೈಯಲ್ಲೇ ಕೀಬೋರ್ಡ್ ಇರಲಿ. ಗೊತ್ತಿರುವವರು ಟೈಪ್ ಮಾಡುತ್ತಾ ಹೋದರೆ ಪಕ್ಕದವರು ತಲೆಯಾಡಿಸುತ್ತಾರೆ, ಮರುದಿನ ಏನೂ ನೆನಪಿರುವುದಿಲ್ಲ. ಗೊತ್ತಿಲ್ಲದವರು ಮಾಡುವಾಗ ಎಲ್ಲಿ ಕೈ ನಿಲ್ಲುತ್ತದೋ ಅಲ್ಲೇ ಪ್ರಶ್ನೆ ಹುಟ್ಟುತ್ತದೆ. ಆಗ ಗೊತ್ತಿರುವವರ ಬಾಯಿಂದ "ಓಹ್, ಇದನ್ನು ಮಾಡುವ ಮೊದಲು ಆ ಜಾಬ್ ನಿಲ್ಲಿಸಬೇಕು" ಎಂಬಂಥ ಮಾತುಗಳು ಬರುತ್ತವೆ. ಕೂತು ಬರೆಯಿರಿ ಎಂದಿದ್ದರೆ ಅವು ಅವರಿಗೆ ಹೊಳೆಯುತ್ತಲೇ ಇರಲಿಲ್ಲ.

ಸ್ಪ್ರಿಂಟ್ ಪ್ಲಾನಿಂಗ್‌ನಲ್ಲಿ ಇದನ್ನು ಎದ್ದುಕಾಣುವಂತೆ ಇಡಿ. ಪಾವತಿ ಭಾಗದ ಟಿಕೆಟ್ ಬಂತು, ಅದು ಕೆಂಪು ಸಾಲು, ಹಾಗಾದರೆ ಅದನ್ನು ಮಾಡುವವರು ಅದರಲ್ಲಿ 0 ಅಥವಾ 1 ಇರುವವರು, ಜೊತೆಗೆ ಆ ಒಬ್ಬ ತಜ್ಞರು. ಕೆಲಸ ನಿಧಾನವಾಗುತ್ತದೆ, ಆ ಸ್ಪ್ರಿಂಟ್‌ನ ವೆಲಾಸಿಟಿ (ಮುಗಿದ ಕೆಲಸದ ಅಳತೆ) ಇಳಿಯಬಹುದು. ಪ್ರಾಡಕ್ಟ್ ಓನರ್‌ಗೆ (ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವವರಿಗೆ) ಇದನ್ನು ಮುಂಚೆಯೇ, ನೇರವಾಗಿ ಹೇಳಿ: ಈಗ ಎರಡು ದಿನ ಜಾಸ್ತಿ ಕೊಡುತ್ತೀರಾ, ಅಥವಾ ಆ ಒಬ್ಬರು ರಜೆಯಲ್ಲಿರುವಾಗ ಪಾವತಿ ನಿಂತರೆ ಆಗ ಕೊಡುತ್ತೀರಾ? ಈ ಮಾತನ್ನು ಮುಚ್ಚಿಟ್ಟು, ಸದ್ದಿಲ್ಲದೆ ಪೇರಿಂಗ್ ಮಾಡಲು ಹೊರಟ ತಂಡಗಳು ಒತ್ತಡ ಬಂದ ಮೊದಲ ವಾರವೇ ಅದನ್ನು ಕೈಬಿಡುತ್ತವೆ.

ತಜ್ಞರಾಗಿರುವವರ ಮನಸ್ಸನ್ನೂ ಅರ್ಥ ಮಾಡಿಕೊಳ್ಳಬೇಕು. "ನನಗೆ ಮಾತ್ರ ಗೊತ್ತು" ಎಂಬುದು ಕೆಲವರಿಗೆ ಭದ್ರತೆ. ಅದನ್ನು ಕಿತ್ತುಕೊಳ್ಳುತ್ತಿದ್ದೇವೆ ಎನಿಸಿದರೆ ಅವರು ಹಂಚಿಕೊಳ್ಳುವುದಿಲ್ಲ. ಆದ್ದರಿಂದ ಬಡ್ತಿ, ಮೆಚ್ಚುಗೆ ಕೊಡುವಾಗ ಇನ್ನೊಬ್ಬರನ್ನು ತಯಾರು ಮಾಡಿದ್ದನ್ನು ನಿಜವಾಗಿ ಎಣಿಸಿ. ಬೆಂಕಿ ಆರಿಸಿದವರಿಗೆ ಮಾತ್ರ ಚಪ್ಪಾಳೆ ಸಿಗುವ ಕಡೆ ಯಾರೂ ಕಲಿಸಲು ಕೂರುವುದಿಲ್ಲ.

ಕೋಡ್ ರಿವ್ಯೂ ಕೂಡ ಕಲಿಯುವ ಜಾಗ. ಒಬ್ಬ ಹಿರಿಯರೇ ಎಲ್ಲವನ್ನೂ ರಿವ್ಯೂ ಮಾಡುವ ಪದ್ಧತಿ ಇದ್ದರೆ ಬಿಡಿ. ಆ ಭಾಗ ಗೊತ್ತಿಲ್ಲದವರನ್ನೂ ಎರಡನೇ ರಿವ್ಯೂವರ್ ಆಗಿ ಸೇರಿಸಿ, ಅವರ ಕೆಲಸ ತಪ್ಪು ಹುಡುಕುವುದಲ್ಲ, ಪ್ರಶ್ನೆ ಕೇಳುವುದು. ಅವರಿಗೆ ಅರ್ಥವಾಗದ ಜಾಗದಲ್ಲಿ ಉತ್ತರವನ್ನು ರಿವ್ಯೂ ಕಾಮೆಂಟ್‌ನಲ್ಲಿ ಬರೆದು ಬಿಡದೆ, ಕೋಡ್‌ನ ಕಾಮೆಂಟ್‌ಗೆ ಅಥವಾ ಎಡಿಆರ್‌ಗೆ ಸೇರಿಸಿ.

ಹೆಜ್ಜೆ 6: ಈಗಿರುವ ಸಭೆಗಳನ್ನೇ ಬಳಸಿ

ಹೊಸ ಸಭೆ ಬೇಡ. ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಅಜೈಲ್ ಪದ್ಧತಿಯಾದ ಸ್ಕ್ರಮ್‌ನಲ್ಲಿ ಇರುವುದೇ ಸಾಕು.

ಡೈಲಿ ಸ್ಕ್ರಮ್ 15 ನಿಮಿಷ. ಅಲ್ಲಿ ವಿವರ ಬೇಡ, "ನಿನ್ನೆ ಕಂಡುಕೊಂಡ ಒಂದು ಸಂಗತಿ ಇದೆ, ಆಮೇಲೆ ಇಬ್ಬರಿಗೆ ತೋರಿಸುತ್ತೇನೆ" ಎಂದರೆ ಸಾಕು. ಬ್ಯಾಕ್‌ಲಾಗ್ ರಿಫೈನ್‌ಮೆಂಟ್‌ನಲ್ಲಿ (ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ತಿದ್ದಿ ಸ್ಪಷ್ಟ ಮಾಡುವಾಗ) ಪ್ರಾಡಕ್ಟ್ ಓನರ್ ಹೇಳುವ ಹಿನ್ನೆಲೆ, ಅಂದರೆ ಯಾವ ಗ್ರಾಹಕರಿಗೆ ಏನು ತೊಂದರೆ ಎಂಬುದು, ಗಾಳಿಯಲ್ಲಿ ಹೋಗದಿರಲಿ. ಮಾತಾಡುತ್ತಿರುವಾಗಲೇ ಒಬ್ಬರು ಎಲ್ಲರಿಗೂ ಕಾಣುವಂತೆ ಬರೆಯಲಿ, ತಪ್ಪಾಗಿ ಅರ್ಥವಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಒಂದು ವಿಷಯ ಗೊತ್ತೇ ಇಲ್ಲದಾಗ ಸ್ಪೈಕ್ ತೆಗೆದುಕೊಳ್ಳುತ್ತೇವಲ್ಲ, ಒಂದೋ ಎರಡೋ ದಿನ ಮಿತಿ ಹಾಕಿಕೊಂಡು ಪರಿಶೀಲಿಸುವುದು. ಅದರ ಫಲ ಕೋಡ್ ಅಲ್ಲ, ಬರೆದಿಟ್ಟ ಉತ್ತರ. ಪ್ರಶ್ನೆ ಏನಿತ್ತು, ಏನು ಪ್ರಯತ್ನಿಸಿದೆವು, ಏನು ಕೆಲಸ ಮಾಡಲಿಲ್ಲ, ಈಗ ಏನು ಮಾಡಬೇಕು. ಕೆಲಸ ಮಾಡದ್ದನ್ನು ಬರೆಯಲು ಜನ ಹಿಂಜರಿಯುತ್ತಾರೆ, ಆದರೆ ಇನ್ನೊಬ್ಬರು ಆರು ತಿಂಗಳ ನಂತರ ಅದೇ ದಾರಿ ಹಿಡಿದು ಅದೇ ಗೋಡೆಗೆ ಹಾಯುವುದನ್ನು ತಪ್ಪಿಸುವುದು ಆ ಭಾಗವೇ.

ರಿಟ್ರೊಸ್ಪೆಕ್ಟಿವ್‌ನಲ್ಲಿ (ಸ್ಪ್ರಿಂಟ್ ಮುಗಿದಾಗ ಹಿಂದಿರುಗಿ ನೋಡುವ ಸಭೆಯಲ್ಲಿ) ಒಂದು ಪ್ರಶ್ನೆ ಕಾಯಂ ಆಗಿರಲಿ: ಈ ಸ್ಪ್ರಿಂಟ್‌ನಲ್ಲಿ ಯಾವ ಉತ್ತರಕ್ಕಾಗಿ ಕಾದು ಕೂತೆವು? ಅದರಿಂದ ಒಂದೇ ಒಂದು ಕೆಲಸ ಆರಿಸಿ ಮುಂದಿನ ಸ್ಪ್ರಿಂಟ್‌ನ ಬ್ಯಾಕ್‌ಲಾಗ್‌ಗೆ ಹಾಕಿ. ಹತ್ತು ಅಂಟು ಚೀಟಿಗಳ ಫೋಟೊ ತೆಗೆದು ಮರೆಯುವುದಕ್ಕಿಂತ ಅದು ಮೇಲು.

ಹೆಜ್ಜೆ 7: ಪ್ರೊಡಕ್ಷನ್ ತೊಂದರೆಯಿಂದ ಕಲಿಯಿರಿ, ರನ್‌ಬುಕ್ ಬರೆಯಿರಿ

ಸಿಸ್ಟಮ್ ಬಗ್ಗೆ ತಂಡಕ್ಕೆ ಅತಿ ಹೆಚ್ಚು ಗೊತ್ತಾಗುವುದು ಅದು ಬಿದ್ದಾಗ. ಪ್ರತಿ ದೊಡ್ಡ ತೊಂದರೆಯ ನಂತರ, ನೆನಪು ಹಸಿಯಾಗಿರುವಾಗಲೇ, ಪೋಸ್ಟ್‌ಮಾರ್ಟಮ್ ಬರೆಯಿರಿ. ಏನಾಯಿತು ಎಂಬ ಸಮಯವಾರು ವಿವರ, ಆ ಹೊತ್ತಿನಲ್ಲಿ ಜನರಿಗೆ ಏನು ಕಾಣುತ್ತಿತ್ತು, ಯಾಕೆ ಹಾಗೆ ಮಾಡಿದರು, ಮುಂದೆ ಏನು ಬದಲಾಯಿಸುತ್ತೇವೆ. ಯಾರ ಮೇಲೂ ತಪ್ಪು ಹೊರಿಸಬಾರದು. ಇದು ಬರೀ ಒಳ್ಳೆಯತನದ ಮಾತಲ್ಲ. ಬೈಗುಳ ಬೀಳುತ್ತದೆ ಎಂದು ಗೊತ್ತಾದ ದಿನದಿಂದ ಜನ ವಿವರ ಮುಚ್ಚಿಡುತ್ತಾರೆ, ಆಗ ತಂಡ ಕಲಿಯಬೇಕಾದದ್ದೇ ಕೈತಪ್ಪುತ್ತದೆ.

ಅದರಿಂದ ರನ್‌ಬುಕ್ ಹುಟ್ಟಲಿ. ರಾತ್ರಿ ಎರಡು ಗಂಟೆಗೆ ಅಲಾರಂ ಬಡಿದು ಎದ್ದ ಒಬ್ಬರು ಅದನ್ನು ಓದುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡು ಬರೆಯಿರಿ. ಶೀರ್ಷಿಕೆಯಲ್ಲಿ ಅಲಾರಂನ ಹೆಸರೇ ಇರಲಿ, ಹುಡುಕಿದರೆ ತಕ್ಷಣ ಸಿಗಬೇಕು. ಸಾಧ್ಯವಾದರೆ ಅಲಾರಂ ಸಂದೇಶದಲ್ಲೇ ರನ್‌ಬುಕ್‌ನ ಲಿಂಕ್ ಹಾಕಿ. ಮೊದಲು ಗ್ರಾಹಕರಿಗೆ ಏನು ತೊಂದರೆಯಾಗುತ್ತಿದೆ ಎಂದು ಒಂದು ಸಾಲು, ಆಮೇಲೆ ನೋಡಬೇಕಾದ ಗ್ರಾಫ್, ಹಾಗೇ ನಕಲು ಮಾಡಿ ಓಡಿಸಬಹುದಾದ ಕಮಾಂಡ್, ಅದು ಸರಿಯಾಯಿತು ಎಂದು ತಿಳಿಯುವುದು ಹೇಗೆ, ಆಗದಿದ್ದರೆ ರೋಲ್‌ಬ್ಯಾಕ್ (ಹಿಂದಿನ ಸ್ಥಿತಿಗೆ ಮರಳಿಸುವುದು) ಹೇಗೆ, ಯಾರನ್ನು ಎಬ್ಬಿಸಬೇಕು. ಸಿದ್ಧಾಂತ, ಇತಿಹಾಸ ಎಲ್ಲ ಬೇರೆ ಪುಟದಲ್ಲಿ.

ಬರೆದಾದ ಮೇಲೆ ಅದನ್ನು ಬರೆಯದ ಒಬ್ಬರಿಗೆ ಕೊಟ್ಟು ಸ್ಟೇಜಿಂಗ್‌ನಲ್ಲಿ (ಪ್ರೊಡಕ್ಷನ್‌ನಂತೆಯೇ ಇರುವ ಪರೀಕ್ಷಾ ಸಿಸ್ಟಮ್‌ನಲ್ಲಿ) ಮಾಡಿಸಿ. ಬರೆದವರು ಪಕ್ಕದಲ್ಲಿ ಬಾಯಿ ತೆರೆಯದೆ ಕೂರಲಿ. ಓದುವವರು ಎಲ್ಲೆಲ್ಲಿ ತಡವರಿಸುತ್ತಾರೋ ಅಲ್ಲಲ್ಲಿ ಒಂದು ವಾಕ್ಯ ಕಡಿಮೆಯಿದೆ ಎಂದರ್ಥ.

ಹೆಜ್ಜೆ 8: ಬರುವವರು ಮತ್ತು ಹೋಗುವವರು

ಹೊಸಬರು ಬಂದ ಮೊದಲ ವಾರ ಅವರ ಕಣ್ಣಿಗೆ ಕಾಣುವ ಕೊರತೆಗಳು ಒಂದು ತಿಂಗಳ ನಂತರ ಅವರಿಗೇ ಕಾಣುವುದಿಲ್ಲ. ಆದ್ದರಿಂದ ಅವರ ಮೊದಲ ಪುಲ್ ರಿಕ್ವೆಸ್ಟ್ ಸೆಟಪ್ ದಾಖಲೆಯ ತಿದ್ದುಪಡಿಯೇ ಆಗಿರಲಿ: ಯಾವ ಹೆಜ್ಜೆ ಕೆಲಸ ಮಾಡಲಿಲ್ಲ, ಯಾವ ಪದ ಅರ್ಥವಾಗಲಿಲ್ಲ. ಒಬ್ಬರನ್ನು ಜೊತೆಗಾರರಾಗಿ ನೇಮಿಸಿ, ಅವರಿಗೆ ಆ ಸ್ಪ್ರಿಂಟ್‌ನಲ್ಲಿ ಕೆಲಸ ಕಡಿಮೆ ಕೊಡಿ. ಹೊಸಬರಿಗೆ ಕಲಿಸುವ ಹೊರೆ ಹಳಬರ ಸಮಯವನ್ನು ತಿನ್ನುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು, ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂಬ ಅವರ ಮಾತಿಗೆ ಇದೂ ಒಂದು ಕಾರಣ.

ಹೋಗುವವರ ವಿಷಯದಲ್ಲಿ ತಂಡಗಳು ಸಾಮಾನ್ಯವಾಗಿ ಮಾಡುವುದು "ಹೋಗುವ ಮುಂಚೆ ಎಲ್ಲ ಬರೆದಿಟ್ಟು ಹೋಗಿ" ಎನ್ನುವುದು. ಅದರಿಂದ ಬರುವುದು ಯಾರೂ ತೆರೆಯದ ಒಂದು ಉದ್ದನೆಯ ಕಡತ. ಅದರ ಬದಲು, ಕೊಟ್ಟ ನೋಟಿಸ್‌ನ ಮೊದಲ ದಿನದಿಂದಲೇ ಅವರ ಕೆಲಸವನ್ನು ಬೇರೆಯವರ ಕೈಗೆ ಕೊಡಿ, ಹೋಗುವವರು ಪಕ್ಕದಲ್ಲಿ ಕೂತು ಉತ್ತರ ಕೊಡುವುದು ಮಾತ್ರ. ಹೊಸ ಫೀಚರ್ ಅವರಿಗೆ ಕೊಡಬೇಡಿ. ಅವರಿಗೆ ಮಾತ್ರ ಪರ್ಮಿಷನ್ ಇರುವ ಖಾತೆಗಳು, ಅವರ ಹೆಸರಲ್ಲಿ ಓಡುವ ಸ್ಕ್ರಿಪ್ಟ್‌ಗಳು, ಅವರ ಇಮೇಲ್‌ಗೆ ಮಾತ್ರ ಬರುವ ಎಚ್ಚರಿಕೆಗಳು, ಈ ಮೂರನ್ನು ಮರೆಯದೆ ಪಟ್ಟಿ ಮಾಡಿ.

ವಿಡಿಯೊ ರೆಕಾರ್ಡ್ ಮಾಡಿಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಿ, ಆದರೆ ಹತ್ತು ನಿಮಿಷದ ತುಣುಕುಗಳಾಗಿ, ಒಂದೊಂದಕ್ಕೂ ಒಂದು ವಿಷಯ. ಎರಡು ಗಂಟೆಯ ರೆಕಾರ್ಡಿಂಗ್‌ನಲ್ಲಿ ಬೇಕಾದ ಮಾತು ಹುಡುಕುವಷ್ಟು ತಾಳ್ಮೆ ಯಾರಿಗೂ ಇಲ್ಲ.

ಹೆಜ್ಜೆ 9: ಹಳತಾದದ್ದನ್ನು ತೆಗೆಯಿರಿ

ತಪ್ಪು ದಾಖಲೆ ದಾಖಲೆ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಇಲ್ಲದಿದ್ದರೆ ಜನ ಕೇಳುತ್ತಾರೆ, ತಪ್ಪಿದ್ದರೆ ನಂಬಿ ಮಾಡುತ್ತಾರೆ. ಎರಡು ಸಲ ಹಾಗಾದರೆ ಸರಿಯಿರುವ ಪುಟಗಳನ್ನೂ ನಂಬುವುದನ್ನು ಬಿಡುತ್ತಾರೆ. ಈಗ ತಂಡದ ವಿಕಿಯನ್ನು ಓದಿ ಉತ್ತರ ಕೊಡುವ ಎಐ ಸಹಾಯಕಗಳನ್ನು ಬಳಸುವವರು ಹೆಚ್ಚಾಗುತ್ತಿದ್ದಾರೆ, ಇಂಥ ಕಡೆ ಇದು ಇನ್ನೂ ಗಂಭೀರ. ಮೂರು ವರ್ಷ ಹಳೆಯ ಪುಟವನ್ನು ಅದು ನಿನ್ನೆಯ ಪುಟದಷ್ಟೇ ಧೈರ್ಯವಾಗಿ ಹೇಳಿಬಿಡಬಹುದು.

ಪ್ರತಿ ಪುಟದ ಮೇಲೆ ಎರಡು ವಿವರ ಇರಲಿ: ಯಾರು ಜವಾಬ್ದಾರರು, ಕೊನೆಯ ಸಲ ಯಾವಾಗ ಪರಿಶೀಲಿಸಿದ್ದು. ಜವಾಬ್ದಾರಿ ವ್ಯಕ್ತಿಯ ಹೆಸರಿಗಿಂತ ತಂಡದ ಹೆಸರಲ್ಲಿ ಇದ್ದರೆ ಒಳ್ಳೆಯದು, ವ್ಯಕ್ತಿಗಳು ಬದಲಾಗುತ್ತಾರೆ. ಪ್ರತಿ ಸ್ಪ್ರಿಂಟ್‌ನಲ್ಲಿ ಅತಿ ಹಳೆಯ ಐದು ಪುಟಗಳನ್ನು ತೆಗೆದುಕೊಂಡು ತಿದ್ದಿ, ಆರ್ಕೈವ್ ಮಾಡಿ ಅಥವಾ ಅಳಿಸಿ. ಅಳಿಸಲು ಹೆದರಬೇಡಿ. ರೆಪೊದಲ್ಲಿ ಗಿಟ್ ಇತಿಹಾಸವಿದೆ, ವಿಕಿಗಳಲ್ಲೂ ಸಾಮಾನ್ಯವಾಗಿ ಹಳೆಯ ಆವೃತ್ತಿ ಉಳಿದಿರುತ್ತದೆ.

ಇದೆಲ್ಲ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಪುಟಗಳ ಸಂಖ್ಯೆ ಎಣಿಸಬೇಡಿ. ಹೊಸಬರ ಮೊದಲ ಬದಲಾವಣೆ ಪ್ರೊಡಕ್ಷನ್‌ಗೆ ಹೋಗಲು ಎಷ್ಟು ದಿನ ಹಿಡಿಯಿತು, ಆನ್-ಕಾಲ್‌ನಲ್ಲಿರುವವರು (ಅಲಾರಂ ಬಡಿದರೆ ಏಳುವ ಸರದಿಯವರು) ಎಷ್ಟು ಸಲ ಬೇರೆಯವರನ್ನು ಎಬ್ಬಿಸಬೇಕಾಯಿತು, ಒಂದೇ ಪ್ರಶ್ನೆ ಚಾಟ್‌ನಲ್ಲಿ ಎಷ್ಟು ಸಲ ಬಂತು, ಸ್ಪ್ರೆಡ್‌ಶೀಟ್‌ನಲ್ಲಿ ಕೆಂಪು ಸಾಲುಗಳು ಕಡಿಮೆಯಾದವೇ ಎಂದು ನೋಡಿ. ನಿಜವಾದ ಪರೀಕ್ಷೆ ರಜೆ. ತಜ್ಞರೊಬ್ಬರು ಎರಡು ವಾರ ರಜೆಯಲ್ಲಿದ್ದಾಗ ಅವರಿಗೆ ಒಂದೂ ಫೋನ್ ಹೋಗದಿದ್ದರೆ ಆ ಭಾಗ ಸರಿಯಾಗಿದೆ.

ಎಲ್ಲಿಂದ ಶುರು ಮಾಡಬೇಕು?

ಒಂಬತ್ತನ್ನೂ ಒಟ್ಟಿಗೆ ಹಚ್ಚಿಕೊಂಡರೆ ಒಂದೂ ಉಳಿಯುವುದಿಲ್ಲ. ಮೊದಲ ಸ್ಪ್ರಿಂಟ್‌ನಲ್ಲಿ ಸ್ಪ್ರೆಡ್‌ಶೀಟ್ ತುಂಬಿ, ಪ್ರಶ್ನೆಗಳನ್ನು ಸಂಗ್ರಹಿಸಿ, ಈಗಾಗಲೇ ತೆಗೆದುಕೊಂಡ ತೀರ್ಮಾನಗಳಲ್ಲಿ ಜನ ಪದೇ ಪದೇ ಕೇಳುವ ಮೂರಕ್ಕೆ ಎಡಿಆರ್ ಬರೆಯಿರಿ. ಹಳೆಯದನ್ನೆಲ್ಲ ಬರೆಯಲು ಹೋಗಬೇಡಿ. ಎರಡನೆಯದರಲ್ಲಿ ಪುಲ್ ರಿಕ್ವೆಸ್ಟ್ ಟೆಂಪ್ಲೇಟ್ ಮತ್ತು ಡೆಫಿನಿಷನ್ ಆಫ್ ಡನ್‌ನ ಆ ಒಂದು ಸಾಲು ಸೇರಿಸಿ, ಅತಿ ಅಪಾಯದ ಒಂದು ಕೆಂಪು ಸಾಲಿಗೆ ಪೇರಿಂಗ್ ಶುರು ಮಾಡಿ. ಮೂರನೆಯದರಲ್ಲಿ ಕಳೆದ ಮೂರು ತಿಂಗಳಲ್ಲಿ ಹೆಚ್ಚು ಸಲ ಬಡಿದ ಅಲಾರಂ ಯಾವುದೆಂದು ನೋಡಿ ಅದಕ್ಕೊಂದು ರನ್‌ಬುಕ್ ಬರೆಯಿರಿ. ಅದನ್ನು ಬರೆಯುವವರು ಆ ಅಲಾರಂಗೆ ಈ ತನಕ ಎದ್ದು ಓಡಿದವರಾಗಿರಲಿ, ಪರೀಕ್ಷಿಸುವವರು ಇನ್ನೂ ಒಮ್ಮೆಯೂ ಅದನ್ನು ಎದುರಿಸದವರಾಗಿರಲಿ.